ಮೆಲನೋಮಾ ಮರಣ ದರ: ಕಡಿಮೆ ಅಂಕಿಯನ್ನು ಓದುವ ಬಗೆ

ಚರ್ಮದ ಕ್ಯಾನ್ಸರಿನ ಮರಣ ದರವನ್ನು ಜನವರ್ಗಗಳ ನಡುವೆ ಹೋಲಿಸುವ ಮುನ್ನ ಎಣಿಕೆಯಲ್ಲಿ ಯಾವ ಕಾಯಿಲೆ ಸೇರಿದೆ ಎಂಬುದನ್ನು ಗಮನಿಸಬೇಕು. ಚರ್ಮದ ಕ್ಯಾನ್ಸರಿನಲ್ಲಿ ಅತ್ಯಂತ ಸಾಮಾನ್ಯವಾದ ಎರಡು ಬಗೆಗಳಾದ ಬೇಸಲ್ ಸೆಲ್ ಮತ್ತು ಸ್ಕ್ವೇಮಸ್ ಸೆಲ್ ಕಾರ್ಸಿನೋಮಾಗಳನ್ನು ಅಮೆರಿಕದ ಕ್ಯಾನ್ಸರ್ ನೋಂದಣಿಗಳು ಸಾಮಾನ್ಯವಾಗಿ ದಾಖಲಿಸುವುದಿಲ್ಲ. ಆದ್ದರಿಂದ ಅಲ್ಲಿಯ ಕೋಷ್ಟಕಗಳಲ್ಲಿ ಕಾಣುವ ಹೋಲಿಕೆ ಬಹುಮಟ್ಟಿಗೆ ಮೆಲನೋಮಾದ, ಅಂದರೆ ಚರ್ಮಕ್ಕೆ ಬಣ್ಣ ಕೊಡುವ ಜೀವಕೋಶಗಳಲ್ಲಿ ಹುಟ್ಟುವ ಕ್ಯಾನ್ಸರಿನ, ಹೋಲಿಕೆಯೇ ಆಗಿರುತ್ತದೆ. ಈ ಟಿಪ್ಪಣಿಯಲ್ಲಿಯೂ ಅದನ್ನೇ ತೆಗೆದುಕೊಂಡಿದ್ದೇನೆ.

ಅಮೆರಿಕದ ಬಿಳಿಯರಲ್ಲಿ ವರ್ಷಕ್ಕೆ ಒಂದು ಲಕ್ಷ ಜನರಿಗೆ ಸುಮಾರು 30 ಹೊಸ ಮೆಲನೋಮಾ ಪ್ರಕರಣಗಳು ಕಂಡುಬಂದರೆ, ಕಪ್ಪು ಜನರಲ್ಲಿ ಸುಮಾರು 1 ಮಾತ್ರ ಕಂಡುಬರುತ್ತದೆ. ಮರಣ ದರ ಬಿಳಿಯರಲ್ಲಿ ಲಕ್ಷಕ್ಕೆ ಸುಮಾರು 2.5, ಕಪ್ಪು ಜನರಲ್ಲಿ ಸುಮಾರು 0.3. ಇಲ್ಲಿಗೇ ನಿಲ್ಲಿಸಿದರೆ ಕಪ್ಪು ಚರ್ಮದವರು ಈ ಕಾಯಿಲೆಗೆ ಅಂಜಬೇಕಿಲ್ಲ ಎಂಬ ತೀರ್ಮಾನಕ್ಕೆ ಬರುತ್ತೇವೆ. ಆದರೆ ಮರಣ ದರವನ್ನು ಹೊಸ ಪ್ರಕರಣಗಳ ದರದಿಂದ ಭಾಗಿಸಿ ನೋಡಿ. ಬಿಳಿಯರಲ್ಲಿ ಸುಮಾರು ಹನ್ನೆರಡು ಪ್ರಕರಣಗಳಿಗೆ ಒಂದು ಸಾವು, ಕಪ್ಪು ಜನರಲ್ಲಿ ಸುಮಾರು ಮೂರು ಪ್ರಕರಣಗಳಿಗೇ ಒಂದು ಸಾವು. ಮರಣ ದರ ಇಡೀ ಸಮುದಾಯದ ಮೇಲಿರುವ ಹೊರೆಯನ್ನು ಹೇಳುತ್ತದೆ, ಈ ಭಾಗಲಬ್ಧ ಕಾಯಿಲೆ ಬಂದವರ ಪಾಡನ್ನು ಹೇಳುತ್ತದೆ. ಇವೆರಡನ್ನು ಬೆರೆಸಿಬಿಡುವುದೇ ಈ ವಿಷಯದಲ್ಲಿ ನಾವು ಮಾಡುವ ಅತಿ ದೊಡ್ಡ ತಪ್ಪು ಎಂದು ನನಗೆ ಅನಿಸುತ್ತದೆ.

ಹೊಸ ಪ್ರಕರಣಗಳ ಅಂತರಕ್ಕೆ ಮುಖ್ಯ ಕಾರಣ ಮೆಲನಿನ್ ವರ್ಣದ್ರವ್ಯ. ಅದು ಸೂರ್ಯನ ನೇರಳಾತೀತ ಕಿರಣಗಳನ್ನು ಹೀರಿಕೊಂಡು ಜೀವಕೋಶಗಳ ಡಿಎನ್ಎಯನ್ನು ಕಾಪಾಡುತ್ತದೆ. ತಿಳಿ ಚರ್ಮದ ಯುರೋಪಿಯನ್ ಮೂಲದವರು ಪ್ರಖರ ಬಿಸಿಲಿನ ನಾಡುಗಳಲ್ಲಿ ನೆಲೆಸಿದ ಆಸ್ಟ್ರೇಲಿಯ ಮತ್ತು ನ್ಯೂಜಿಲೆಂಡ್‌ಗಳಲ್ಲಿ ಮೆಲನೋಮಾ ದರ ಜಗತ್ತಿನಲ್ಲೇ ಅತಿ ಹೆಚ್ಚು. ಇದಕ್ಕೆ ಪ್ರತಿಯಾಗಿ ಟಾಂಜಾನಿಯಾದಂಥ ದೇಶಗಳಲ್ಲಿ ಆಲ್ಬಿನಿಸಂ ಇರುವವರನ್ನು ಗಮನಿಸಬೇಕು: ಸುತ್ತಲಿನವರದೇ ವಂಶ, ಅದೇ ಬಿಸಿಲು, ಆದರೆ ಮೆಲನಿನ್ ಇಲ್ಲದ ಕಾರಣ ಅವರಲ್ಲಿ ಅನೇಕರು ಚಿಕ್ಕ ವಯಸ್ಸಿನಲ್ಲೇ ಸ್ಕ್ವೇಮಸ್ ಸೆಲ್ ಕ್ಯಾನ್ಸರಿಗೆ ತುತ್ತಾಗುತ್ತಾರೆ.

ಕಾಯಿಲೆ ಬಂದ ಮೇಲಿನ ಅಂತರಕ್ಕೆ ಕಾರಣಗಳು ಬೇರೆ. ಕಪ್ಪು ಅಥವಾ ಕಂದು ಚರ್ಮದವರಲ್ಲಿ ಮೆಲನೋಮಾ ಹೆಚ್ಚಾಗಿ ಅಂಗಾಲು, ಅಂಗೈ ಮತ್ತು ಉಗುರಿನ ಅಡಿಯಲ್ಲಿ ಹುಟ್ಟುತ್ತದೆ. ಆ ಬಗೆಗೆ ಬಿಸಿಲು ಮುಖ್ಯ ಕಾರಣವಲ್ಲ. ನೋಡದ ಜಾಗವಾದ್ದರಿಂದ ಅದು ಆಳಕ್ಕಿಳಿದ ಮೇಲೆ, ಅನೇಕ ಸಲ ಬೇರೆಡೆ ಹರಡಿದ ಮೇಲೆ, ಪತ್ತೆಯಾಗುತ್ತದೆ. ಹುಟ್ಟಿದ ಜಾಗದಲ್ಲೇ ಇರುವಾಗ ಗುರುತಿಸಿದರೆ ಐದು ವರ್ಷ ಬದುಕುಳಿಯುವವರು ಶೇಕಡಾ 99ಕ್ಕೂ ಹೆಚ್ಚು. ದೂರದ ಅಂಗಗಳಿಗೆ ಹರಡಿದ ಮೇಲೆ ಆ ಪ್ರಮಾಣ ಶೇಕಡಾ 35ರ ಆಸುಪಾಸಿಗೆ ಇಳಿಯುತ್ತದೆ. ಇದರ ಜೊತೆಗೆ ವಿಮೆ ಇಲ್ಲದಿರುವುದು, ತಜ್ಞರು ದೂರವಿರುವುದು, ವೈದ್ಯರೂ ಈ ಚರ್ಮದಲ್ಲಿ ಮೆಲನೋಮಾವನ್ನು ನಿರೀಕ್ಷಿಸದಿರುವುದು ಸೇರಿಕೊಳ್ಳುತ್ತವೆ.

ಆದರೂ ಮೇಲಿನ ಭಾಗಾಕಾರವನ್ನು ಪೂರ್ತಿ ನಂಬಬಾರದು. 1970ರ ದಶಕದಿಂದ ಈಚೆಗೆ ಅಮೆರಿಕದ ಬಿಳಿಯರಲ್ಲಿ ತಪಾಸಣೆ ಬಹಳ ಹೆಚ್ಚಿ, ಎಂದೂ ಪ್ರಾಣಕ್ಕೆ ಎರವಾಗದಿದ್ದ ತೆಳುವಾದ ಮೆಲನೋಮಾಗಳೂ ಲೆಕ್ಕಕ್ಕೆ ಸೇರಿವೆ. ಪ್ರಕರಣಗಳು ಹಲವು ಪಟ್ಟು ಏರಿದರೂ ಸಾವುಗಳು ಅದೇ ಪ್ರಮಾಣದಲ್ಲಿ ಏರಲಿಲ್ಲ. ಛೇದ ಹಿಗ್ಗಿದಾಗ ಭಾಗಲಬ್ಧ ತಾನಾಗಿ ಕುಗ್ಗುತ್ತದೆ. ಹೀಗಾಗಿ ಬಿಳಿಯರ ಸ್ಥಿತಿ ಅಂಕಿಯಲ್ಲಿ ವಾಸ್ತವಕ್ಕಿಂತ ಚೆನ್ನಾಗಿ ಕಾಣುತ್ತದೆ. ಆದರೆ ಅಂತರವೆಲ್ಲ ಇದರಿಂದಲೇ ಹುಟ್ಟಿದ್ದಲ್ಲ, ಏಕೆಂದರೆ ಕಾಯಿಲೆಯ ಹಂತವನ್ನು ಸಮನಾಗಿಟ್ಟು ಹೋಲಿಸಿದ ಅಧ್ಯಯನಗಳಲ್ಲಿಯೂ ಕಪ್ಪು ರೋಗಿಗಳ ಬದುಕುಳಿಯುವ ಪ್ರಮಾಣ ಕಡಿಮೆಯೇ ಕಂಡಿದೆ.

ವಯಸ್ಸು ಮತ್ತು ಲಿಂಗದ ವಿಷಯ ಸರಳ. ವಯಸ್ಸು ಏರಿದಂತೆ ಸಾವು ಹೆಚ್ಚುವುದರಿಂದ ವಯೋಹೊಂದಾಣಿಕೆ ಮಾಡಿದ, ಅಂದರೆ ಎಲ್ಲ ಜನವರ್ಗಗಳಲ್ಲೂ ವಯಸ್ಸಿನ ಹಂಚಿಕೆ ಒಂದೇ ಎಂದಿಟ್ಟುಕೊಂಡು ಲೆಕ್ಕಹಾಕಿದ, ದರಗಳನ್ನೇ ಹೋಲಿಸಬೇಕು. ಅಮೆರಿಕದಲ್ಲಿ ಗಂಡಸರ ಮರಣ ದರ ಹೆಂಗಸರದಕ್ಕಿಂತ ಸುಮಾರು ಎರಡು ಪಟ್ಟು. ದೇಹದ ರೋಗನಿರೋಧಕ ಶಕ್ತಿಯನ್ನು ಕ್ಯಾನ್ಸರಿನ ವಿರುದ್ಧ ಎಬ್ಬಿಸುವ ಔಷಧಿಗಳಾದ ಇಪಿಲಿಮುಮಾಬ್ 2011ರಲ್ಲಿ, ಪೆಂಬ್ರೊಲಿಜುಮಾಬ್ 2014ರಲ್ಲಿ ಅಲ್ಲಿ ಅನುಮೋದನೆ ಪಡೆದ ನಂತರ ಒಟ್ಟು ಮರಣ ದರ ಗಣನೀಯವಾಗಿ ಇಳಿದಿದೆ. ಆದರೆ ಅಂಗಾಲಿನ ಮೆಲನೋಮಾ ಈ ಔಷಧಿಗಳಿಗೆ ಅಷ್ಟಾಗಿ ಸ್ಪಂದಿಸುವುದಿಲ್ಲ.

ನಮ್ಮ ಭಾರತದಲ್ಲಿ ಹೊಸ ಮೆಲನೋಮಾ ಪ್ರಕರಣಗಳ ದರ ಲಕ್ಷಕ್ಕೆ ಒಂದಕ್ಕಿಂತಲೂ ಕಡಿಮೆ, ಕಾಣಿಸುವ ಜಾಗ ಮಾತ್ರ ಹೆಚ್ಚಾಗಿ ಪಾದವೇ. ಅಲ್ಲಿ ಹರಡುತ್ತಿರುವ ಕಪ್ಪು ಕಲೆಯನ್ನು ಆಣಿಯೆಂದೋ ವಾಸಿಯಾಗದ ಗಾಯವೆಂದೋ ತಿಂಗಳುಗಟ್ಟಲೆ ಬಿಡುವುದು ಸುಲಭ. ಉಗುರಿನಲ್ಲಿ ಅಗಲವಾಗುತ್ತಿರುವ ಕಪ್ಪು ಗೆರೆ ಕಂಡರೂ ಚರ್ಮವೈದ್ಯರಿಗೆ ತೋರಿಸಬೇಕು.