ಮಳೆ ‘ಸ್ಟ್ರಾಂಗ್’ ಆಗಬಾರದೇ?

ಪ್ರಶ್ನೆ: ಮಗಳು ಕಾಸರಗೋಡು ಜಿಲ್ಲೆಯ ಬದಿಯಡ್ಕದ ಕಡೆಯ ಕನ್ನಡ ಮಾಧ್ಯಮ ಶಾಲೆಯಲ್ಲಿ ಒಂಬತ್ತನೆಯ ತರಗತಿ ಓದುತ್ತಿದ್ದಾಳೆ. ಮಳೆಗಾಲದ ಬಗ್ಗೆ ಬರೆದ ಇಂಗ್ಲಿಷ್ ಪ್ರಬಂಧದಲ್ಲಿ ‘ಸ್ಟ್ರಾಂಗ್ ರೇನ್’ ಎಂಬಲ್ಲಿ ಕೆಂಪು ಗೆರೆ ಬಿದ್ದಿದೆ. ಗಾಳಿ ‘ಸ್ಟ್ರಾಂಗ್’ ಆಗುವುದಾದರೆ ಮಳೆ ಏಕಾಗಬಾರದು?

ಉತ್ತರ: ವ್ಯಾಕರಣದ ಪ್ರಕಾರ ನಿಮ್ಮ ಮಗಳು ತಪ್ಪು ಮಾಡಿಲ್ಲ. ಇಂಗ್ಲಿಷ್ ಮಾತೃಭಾಷೆಯವರು ಮಳೆಗೆ ‘ಹೆವಿ’, ಗಾಳಿಗೆ ‘ಸ್ಟ್ರಾಂಗ್’, ಜ್ವರಕ್ಕೆ ‘ಹೈ’ ಎಂದು ಬೇರೆ ಬೇರೆ ಪದ ಜೋಡಿಸುತ್ತಾರೆ. ನಾವು ಮನೆಯಲ್ಲಿ ಮೂರಕ್ಕೂ ‘ಜೋರು’ ಎಂದು ಮುಗಿಸುತ್ತೇವೆ. ಗೆರೆ ಎಳೆದವರು ಬದಿಯಲ್ಲಿ ‘ಹೆವಿ’ ಎಂದು ಬರೆದಿದ್ದರೆ ಹುಡುಗಿಗೆ ಎಷ್ಟೋ ಉಪಕಾರವಾಗುತ್ತಿತ್ತು.

ಈ ‘ಸ್ಟ್ರಾಂಗ್’ ಎಲ್ಲಿಂದ ಬಂದಿರಬಹುದು ಎಂಬುದನ್ನೂ ಯೋಚಿಸಬೇಕು. ಕಾಸರಗೋಡಿನ ಮಕ್ಕಳು ನಾಳೆ ಶಾಲೆಗೆ ರಜೆ ಉಂಟೋ ಎಂದು ಮಲಯಾಳಂ ವಾರ್ತೆಗೆ ಕಿವಿಗೊಡುತ್ತಾರೆ. ಅಲ್ಲಿ ಕೇಳುವುದು ‘ಶಕ್ತಮಾಯ ಮಳ’. ಇಪ್ಪತ್ತನಾಲ್ಕು ಗಂಟೆಗಳಲ್ಲಿ 64.5ರಿಂದ 115.5 ಮಿಲಿಮೀಟರ್ ಸುರಿದರೆ ಹವಾಮಾನ ಇಲಾಖೆಯ ಇಂಗ್ಲಿಷಿನಲ್ಲಿ ಅದು ‘ಹೆವಿ’, 204.4ರವರೆಗೆ ‘ವೆರಿ ಹೆವಿ’. ಮಲಯಾಳಂ ಎಚ್ಚರಿಕೆಯಲ್ಲಿ ಇವೇ ‘ಶಕ್ತ’, ‘ಅತಿಶಕ್ತ’ ಆಗುತ್ತವೆ. ಶಕ್ತ ಎಂದರೆ ‘ಸ್ಟ್ರಾಂಗ್’ ಎಂದು ಮಗು ಲೆಕ್ಕ ಹಾಕಿದರೆ ಅದು ಬುದ್ಧಿವಂತಿಕೆಯೇ.

ಮಗಳಿಗೆ ನೆನಪಿಡಲು ಒಂದು ದಾರಿ ಕನ್ನಡ ಪತ್ರಿಕೆಯಲ್ಲೇ ಇದೆ: ‘ಭಾರೀ ಮಳೆ’. ಭಾರ ಎಂದರೆ ತೂಕ, ‘ಹೆವಿ’ ಎಂದರೂ ತೂಕ. ಮಲಯಾಳಂನ ‘ಕನತ್ತ ಮಳ’ದಲ್ಲಿಯೂ ಇರುವುದು ತೂಕವೇ. ತೂಕದ ಎದುರು ಹಗುರ ತಾನೇ? ಆದ್ದರಿಂದ ಸಣ್ಣ ಮಳೆ ‘ಲೈಟ್ ರೇನ್’ ಆಗುತ್ತದೆ. ‘ಸ್ಮಾಲ್ ರೇನ್’ ಎಂದು ಬರೆಯಬಾರದು. ಬೆಳಗಿನಿಂದ ಸಂಜೆಯವರೆಗೆ ಒಂದೇ ಹದದಲ್ಲಿ ಹಿಡಿದುಕೊಳ್ಳುವ ಮಳೆಗೆ ‘ಸ್ಟೆಡಿ ರೇನ್’. ಜಿಟಿಜಿಟಿ ಹನಿಗೆ ‘ಡ್ರಿಜಲ್’ ಒಂದೇ ಸಾಕು.

ನನಗೆ ಇದಕ್ಕಿಂತ ಹೆಚ್ಚು ಚಿಂತೆ ಕ್ರಿಯಾಪದದ್ದು. ಕನ್ನಡದಲ್ಲಿ ಮಳೆ ‘ಬರುತ್ತದೆ’, ತುಳುವಿನಲ್ಲಿಯೂ ‘ಬರ್ಸ ಬರ್ಪುಂಡು’. ಅದನ್ನೇ ‘ರೇನ್ ಈಸ್ ಕಮಿಂಗ್’ ಎಂದು ಬರೆದರೆ, ನೀವು ತೊಪ್ಪೆಯಾಗಿ ನಿಂತಿದ್ದರೂ ಓದುವವನು ಮಳೆ ಇನ್ನು ಬರಲಿದೆ ಎಂದೇ ತಿಳಿಯುತ್ತಾನೆ. ಸುರಿಯುತ್ತಿರುವಾಗ ‘ಇಟ್ ಈಸ್ ರೇನಿಂಗ್’ ಎನ್ನಬೇಕು. ಧೋ ಎಂದು ಹೊಯ್ಯುತ್ತಿದ್ದರೆ ‘ಇಟ್ ಈಸ್ ಪೋರಿಂಗ್’. ‘ಪೋರ್’ ಎಂದರೂ ಹೊಯ್ಯುವುದೇ ಆದ್ದರಿಂದ ನೆನಪಿಡುವುದು ಸುಲಭ. ‘ಮಳೆ ಬಿಟ್ಟಿತು’ ಎಂಬುದಕ್ಕೆ ‘ಲೆಫ್ಟ್’ ಹಾಕಬೇಡಿ, ‘ಸ್ಟಾಪ್ಡ್’ ಎನ್ನಿ. ಅಡಿಕೆ ತೋಟಕ್ಕೆ ಬೋರ್ಡೋ ದ್ರಾವಣ ಬಿಡಲು ಮಳೆ ಒಂದಿಷ್ಟು ಕಡಿಮೆಯಾಗಲಿ ಎಂದು ಕಾಯುತ್ತೇವಲ್ಲ, ಆ ಕಡಿಮೆಯಾಗುವುದಕ್ಕೆ ‘ಈಸ್ ಆಫ್’ ಎಂಬ ಒಳ್ಳೆಯ ಜೋಡಿಯಿದೆ.

ಕೊಡೆ ಮರೆತು ಕುಂಬಳೆ ಪೇಟೆಯಲ್ಲಿ ‘ಮಳೆಗೆ ಸಿಕ್ಕಿಬಿದ್ದೆ’ ಎಂದು ಮಗಳು ಬರೆಯಬೇಕೆಂದಿದ್ದರೆ ಹೆದರಬೇಕಾಗಿಲ್ಲ. ‘ಕಾಟ್ ಇನ್ ದ ರೇನ್’ ಎಂದು ಇಂಗ್ಲಿಷಿನವರೂ ಮಳೆಯ ಕೈಗೇ ಸಿಕ್ಕಿಬೀಳುತ್ತಾರೆ.