ಹುಟ್ಟುಗುಣ ಮತ್ತು ಎರಡು ವರ್ಷದ ಹಠ

“ಕೂಸಿದ್ದಾಗಿಂದ ಹಿಂಗ ಐತ್ರೀ, ಮುಂದನೂ ಹಿಂಗ ಇರ್ತೈತೇನ್ರೀ?” ಮಗುವಿನ ಅಳು, ಅಂಜಿಕೆ, ಹಠ ನೋಡಿ ಬಾಗಲಕೋಟೆ ಕಡೆಯ ತಾಯಂದಿರು ಕೇಳುವ ಪ್ರಶ್ನೆ ಇದು. ಹುಟ್ಟುಗುಣ ಇರುವುದು ನಿಜ. ಆದರೆ ಅದು ಮುಂದೆ ಯಾವ ದಾರಿ ಹಿಡಿಯುತ್ತದೆ ಎಂಬುದು ಮನೆಯವರ ನಡೆಯನ್ನೂ ಅವಲಂಬಿಸಿದೆ.

1956ರಲ್ಲಿ ನ್ಯೂಯಾರ್ಕಿನ ಮನೋವೈದ್ಯ ದಂಪತಿ ಅಲೆಕ್ಸಾಂಡರ್ ಥಾಮಸ್ ಮತ್ತು ಸ್ಟೆಲ್ಲಾ ಚೆಸ್ ಹಸುಗೂಸುಗಳನ್ನು ವರ್ಷಗಟ್ಟಲೆ ಗಮನಿಸುವ ಅಧ್ಯಯನ ಶುರುಮಾಡಿದರು. ನೂರಕ್ಕೆ ಸುಮಾರು 40 ಮಕ್ಕಳು ಬೇಗ ಹೊಂದಿಕೊಳ್ಳುವವರು, 15 ಮಕ್ಕಳು ಹೊಸದಕ್ಕೆ ನಿಧಾನವಾಗಿ ಒಗ್ಗುವವರು, 10 ಮಕ್ಕಳು ಅಳುವೂ ಸಿಟ್ಟೂ ಜೋರು, ಊಟ-ನಿದ್ದೆಗೆ ಹೊತ್ತುಗೊತ್ತಿಲ್ಲದವರು. ಉಳಿದವರು ಯಾವ ಗುಂಪಿಗೂ ಪೂರ್ತಿ ಸೇರಲಿಲ್ಲ. ಮಗುವಿನ ಗುಣಕ್ಕೂ ಮನೆಯವರ ನಿರೀಕ್ಷೆಗೂ ತಾಳೆಯಾಗದಿದ್ದಲ್ಲೇ ತೊಂದರೆ ಬೆಳೆಯುತ್ತದೆ ಎಂದು ಅವರು ಕಂಡುಕೊಂಡರು.

ಮೊದಲ ತಿಂಗಳುಗಳ ಅಳು ನೋಡಿ ಗುಣ ಅಳೆಯಬೇಡಿ. ಅಳು ಆರನೇ ವಾರದ ಸುಮಾರಿಗೆ ಏರಿ, ಮೂರು-ನಾಲ್ಕು ತಿಂಗಳಿಗೆ ತಾನೇ ಇಳಿಯುತ್ತದೆ. ಎಂಟು-ಒಂಬತ್ತು ತಿಂಗಳಲ್ಲಿ ಹೊಸಬರನ್ನು ಕಂಡು ಅಳುವುದೂ ಬೆಳವಣಿಗೆಯೇ.

ನಿಧಾನವಾಗಿ ಒಗ್ಗುವ ಮಗುವನ್ನು ಬನಶಂಕರಿ ಜಾತ್ರೆಗೋ ಮದುವೆಗೋ ಒಯ್ಯುವುದಾದರೆ ಗದ್ದಲ ಏರುವ ಮೊದಲೇ ಹೋಗಿ. ಕಾಲು ಗಂಟೆ, ಇಪ್ಪತ್ತು ನಿಮಿಷ ಕಂಕುಳಲ್ಲೇ ಇರಲಿ. ನೆಂಟರು ಕೈಚಾಚಿ ಕಸಿದುಕೊಳ್ಳದೆ, ಪಕ್ಕದಲ್ಲಿ ಕೂತು ಆಟಿಕೆಯನ್ನು ಎದುರಿಗಿಟ್ಟು ಸುಮ್ಮನಿರಲಿ. ಮಗು ತಾನಾಗಿ ಬರುತ್ತದೆ. ಒತ್ತಾಯದಿಂದ ಕೊಟ್ಟರೆ ಅಂಜಿಕೆ ಹೆಚ್ಚುತ್ತದೆ. ಅತ್ತ ಕೂಡಲೇ ಮನೆಗೆ ತಿರುಗಿದರೂ ಅಷ್ಟೇ: ಓಡಿಹೋದರೆ ಮಾತ್ರ ಅಂಜಿಕೆ ತಪ್ಪುತ್ತದೆ ಎಂದು ಕಲಿಯುತ್ತದೆ. ಗುಂಪಿನ ಅಂಚಿಗೆ ಸರಿದು ಸಮಾಧಾನವಾಗುವವರೆಗೆ ನಿಲ್ಲಿ. ಮಗುವಿನೆದುರೇ “ಇದು ಅಂಜುಬುರುಕ” ಅನ್ನುವುದನ್ನಂತೂ ದಯವಿಟ್ಟು ಬಿಡಿ.

ಜೋರು ಸ್ವಭಾವದ ಮಗುವಿನ ಹಠ ಒಂದೂವರೆಯಿಂದ ಮೂರು ವರ್ಷದ ನಡುವೆ ಹೆಚ್ಚು ಕಾಣುತ್ತದೆ. ತನ್ನನ್ನು ತಾನು ತಡೆದುಕೊಳ್ಳುವ ಶಕ್ತಿ ಆಗಿನ್ನೂ ಮೂಡುತ್ತಿರುತ್ತದೆ. ಆಟ ನಿಲ್ಲಿಸುವ ಮೊದಲೇ “ಇನ್ನೆರಡು ಸಲ ಜಾರು, ಆಮ್ಯಾಲೆ ಮನಿಗೆ” ಎಂದು ಹೇಳಿ, ಹೇಳಿದಂತೆ ನಡೆಯಿರಿ. ರಂಪ ಶುರುವಾದ ಮೇಲೆ ಬುದ್ಧಿವಾದ ಬೇಡ. ಹತ್ತಿರ ಕೂತು, ತಲೆ ಚಚ್ಚಿಕೊಳ್ಳದಂತೆ ಕೈ ಅಡ್ಡವಿಡಿ. ಅವ್ವ ಇಲ್ಲವೆಂದ ಮೊಬೈಲನ್ನು ಹತ್ತು ನಿಮಿಷದ ಅಳುವಿನ ನಂತರ ಆಯಿ (ಅಜ್ಜಿ) ಕೊಟ್ಟರೆ, ಹತ್ತು ನಿಮಿಷ ಅಳಬೇಕು ಎಂಬ ಪಾಠವಾಗುತ್ತದೆ. ಒಮ್ಮೆ ಕೊಟ್ಟು ಒಮ್ಮೆ ಬಿಡುವುದು ಇನ್ನೂ ಕೆಟ್ಟದ್ದು. ಅಂಥ ಹಠ ಬೇಗ ಬಿಡದು. ಕೂಡು ಕುಟುಂಬದಲ್ಲಿ ಹಿರಿಯರ ಜತೆ ಇದನ್ನು ಮೊದಲೇ ಮಾತಾಡಿಕೊಳ್ಳಿ.

ಗುಣದ ಮೇಲೆ ಹೊರಿಸುವ ಮುನ್ನ ದೇಹವನ್ನೂ ನೋಡಬೇಕು. ಒಂದರಿಂದ ಎರಡು ವರ್ಷದ ಮಗುವಿಗೆ ಹಗಲುನಿದ್ದೆ ಸೇರಿ 11ರಿಂದ 14 ಗಂಟೆ ನಿದ್ದೆ ಬೇಕು. ಹಾಲು, ಚಹಾದಲ್ಲೇ ಹೊಟ್ಟೆ ತುಂಬಿದರೆ ಕಬ್ಬಿಣಾಂಶ ಕಡಿಮೆಯಾಗಿ ಕಿರಿಕಿರಿ ಹೆಚ್ಚುತ್ತದೆ. ಕಿವಿನೋವೂ ಹಠದಂತೆಯೇ ಕಾಣಬಹುದು. ಒಂದೂವರೆ ವರ್ಷವಾದರೂ ಬೆರಳು ಮಾಡಿ ತೋರಿಸದಿದ್ದರೆ, ಹೆಸರು ಕರೆದರೆ ತಿರುಗದಿದ್ದರೆ, ಕಲಿತ ಮಾತು ಬಿಟ್ಟರೆ, ಕಾಯದೆ ಮಕ್ಕಳ ವೈದ್ಯರಿಗೆ ತೋರಿಸಿ, ಕಿವಿಯ ಪರೀಕ್ಷೆಯನ್ನೂ ಕೇಳಿ ಮಾಡಿಸಿ. ಅಂಗನವಾಡಿಗೆ ಬರುವ, ಸರ್ಕಾರದ ಮಕ್ಕಳ ಆರೋಗ್ಯ ತಪಾಸಣೆ ಯೋಜನೆಯಾದ ಆರ್‌ಬಿಎಸ್‌ಕೆ ತಂಡವೂ ಇದನ್ನು ಉಚಿತವಾಗಿ ತಪಾಸಿಸಿ ಮುಂದೆ ಕಳಿಸುತ್ತದೆ.