ಸಕ್ಯುಲೆಂಟ್ ಸಸ್ಯಾಭಿವೃದ್ಧಿ: ಕಣ್ಣು ಎಲ್ಲಿದೆ, ಮೊದಲು ಅದನ್ನು ನೋಡಿ

ಕಬ್ಬು ನೆಡುವವರು ತುಂಡಿನಲ್ಲಿ ಕಣ್ಣಿದೆಯೇ ಎಂದು ನೋಡಿಯೇ ಸಾಲಿಗೆ ಹಾಕುತ್ತಾರೆ. ಆಲೂಗಡ್ಡೆ ಬಿತ್ತನೆಯೂ ಹಾಗೆಯೇ. ಎಲೆ, ಕಾಂಡಗಳಲ್ಲಿ ನೀರು ತುಂಬಿಟ್ಟುಕೊಳ್ಳುವ ಸಕ್ಯುಲೆಂಟ್‌ಗಳಿಗೂ ಇದೇ ನಿಯಮ. ಆದರೆ ಇವುಗಳಲ್ಲಿ ಕಣ್ಣು, ಅಂದರೆ ಹೊಸ ಚಿಗುರು ಹುಟ್ಟುವ ಜಾಗ, ಒಂದೊಂದು ಗಿಡದಲ್ಲಿ ಒಂದೊಂದು ಕಡೆ ಇರುತ್ತದೆ. ಎಲೆ ಮುರಿದು ಮಣ್ಣಿನ ಮೇಲಿಟ್ಟರೆ ಗಿಡ ಬರುತ್ತದೆ ಎಂಬ ಮಾತು ಕೆಲವು ಜಾತಿಗಳಿಗಷ್ಟೇ ಸಲ್ಲುತ್ತದೆ. ಇನ್ನೂ ಒಂದು ವಿಷಯವನ್ನು ಮೊದಲೇ ತಿಳಿದಿರಬೇಕು: ಬೇರು ಬಂದ ಮಾತ್ರಕ್ಕೆ ಚಿಗುರು ಬರುತ್ತದೆಂಬ ಭರವಸೆಯಿಲ್ಲ. ಕಣ್ಣಿಲ್ಲದ ಎಲೆ ಬೇರು ಬಿಟ್ಟು ತಿಂಗಳುಗಟ್ಟಲೆ ಹಾಗೆಯೇ ಕುಳಿತಿರಬಲ್ಲದು.

ಯಾವ ಗಿಡದ ಕಣ್ಣು ಎಲ್ಲಿ

ಎಚಿವೇರಿಯಾ, ಗ್ರಾಪ್ಟೋಪೆಟಲಮ್, ಬರೋಸ್ ಟೇಲ್ ಎಂದು ಮಾರುವ ಸೀಡಮ್, ಇವುಗಳಲ್ಲಿ ಕಣ್ಣು ಎಲೆಯ ಬುಡದಲ್ಲಿ, ಕಾಂಡಕ್ಕೆ ಅಂಟಿಕೊಂಡ ತುದಿಯಲ್ಲಿದೆ. ಹಾಗಾಗಿ ಎಲೆಯನ್ನು ಕತ್ತರಿಸಬಾರದು. ಬುಡದ ಹತ್ತಿರ ಹಿಡಿದು ನಿಧಾನವಾಗಿ ಎಡಕ್ಕೂ ಬಲಕ್ಕೂ ಅಲ್ಲಾಡಿಸಿದರೆ ಇಡಿಯಾಗಿ ಕಳಚಿ ಬರುತ್ತದೆ. ಬುಡ ಹರಿದು ಒಂದು ಸಿಪ್ಪೆ ಕಾಂಡದಲ್ಲೇ ಉಳಿದರೆ ಆ ಎಲೆಯನ್ನು ಲೆಕ್ಕಕ್ಕಿಡಬೇಡಿ. ನೀರು ಕೊಟ್ಟ ಮರುದಿನ ಎಲೆಗಳು ಬಿಗಿದುಕೊಂಡು ಬೇಗ ಒಡೆಯುತ್ತವೆ. ನಾಲ್ಕೈದು ದಿನ ಒಣಗಲು ಬಿಟ್ಟು ಬಿಡಿಸುವುದು ಒಳ್ಳೆಯದು. ಎಲೆ ಬಿಡಿಸಲು ಕಷ್ಟವಾಗುವ ಎಚಿವೇರಿಯಾ ಇದ್ದರೆ ಅದರ ಹೂದಂಟಿನ ಮೇಲಿರುವ ಚಿಕ್ಕ ಎಲೆಗಳನ್ನು ಪ್ರಯತ್ನಿಸಿ. ಅವು ಸಲೀಸಾಗಿ ಕಳಚುತ್ತವೆ, ಗಿಡದ ಅಂದವೂ ಕೆಡುವುದಿಲ್ಲ.

ಜೇಡ್ ವಿಷಯದಲ್ಲಿ ಬಹಳ ಜನ ಎಡವುತ್ತಾರೆ. ನಮ್ಮ ನರ್ಸರಿಗಳಲ್ಲಿ ಜೇಡ್ ಎಂದು ಕೊಡುವುದು ಹೆಚ್ಚಾಗಿ ಪೋರ್ಚುಲಕೇರಿಯಾ ಆಫ್ರಾ: ಸಣ್ಣ ದುಂಡು ಎಲೆ, ಕೆಂಪು ಛಾಯೆಯ ತೆಳು ರೆಂಬೆ. ಇದರ ಎಲೆಯಿಂದ ಗಿಡ ನಿರೀಕ್ಷಿಸಬೇಡಿ. 8ರಿಂದ 10 ಸೆಂ.ಮೀ. ಉದ್ದದ ರೆಂಬೆ ತುಂಡು ಬೇಕು. ನಿಜವಾದ ಜೇಡ್ ಕ್ರಾಸುಲಾ ಓವೇಟಾ. ಅದರ ಎಲೆ ದೊಡ್ಡದು, ದಪ್ಪ. ಒಂದೇ ಎಲೆಯಿಂದಲೂ ಗಿಡವಾಗುತ್ತದೆ.

ಲೋಳೆಸರದ ಎಲೆ ನೆಟ್ಟರೆ ಕೊಳೆಯುತ್ತದೆ, ಅಷ್ಟೇ. ಅದರ ಕಣ್ಣುಗಳೆಲ್ಲ ಎಲೆಗಳ ನಡುವೆ ಅಡಗಿರುವ ಗಿಡ್ಡ ಕಾಂಡದಲ್ಲಿವೆ. ಬಾಳೆಯ ಕಂದು ಬಿಡಿಸಿದಂತೆ, ಪಕ್ಕದ ಮರಿ 8-10 ಸೆಂ.ಮೀ. ಆದ ಮೇಲೆ ಸ್ವಂತ ಬೇರಿನೊಂದಿಗೆ ಬಿಡಿಸಿ. ಹಾವರ್ಥಿಯಾ, ಗ್ಯಾಸ್ಟೀರಿಯಾಗಳಿಗೂ ಮರಿಯೇ ಸುಲಭದ ದಾರಿ.

ಸ್ನೇಕ್ ಪ್ಲಾಂಟ್‌ನ ಎಲೆಯನ್ನು 7ರಿಂದ 10 ಸೆಂ.ಮೀ. ತುಂಡುಗಳಾಗಿ ಕತ್ತರಿಸಬಹುದು, ಆದರೆ ಗಿಡದಲ್ಲಿ ಕೆಳಗಿದ್ದ ಕಡೆಯೇ ಮಣ್ಣಿನೊಳಗೆ ಹೋಗಬೇಕು. ತಲೆಕೆಳಗಾದರೆ ಬೇರು ಬರುವುದಿಲ್ಲ. ಕತ್ತರಿಸುವಾಗಲೇ ಕೆಳತುದಿಯನ್ನು ಓರೆಯಾಗಿ ಕೊಯ್ದರೆ ಗುರುತು ಸಿಗುತ್ತದೆ. ಹಳದಿ ಅಂಚಿನ ತಳಿಯಾದರೆ ಎಲೆ ತುಂಡಿನಿಂದ ಬರುವ ಮರಿಗೆ ಆ ಅಂಚು ಇರುವುದಿಲ್ಲ, ಪೂರ್ತಿ ಹಸಿರಾಗಿರುತ್ತದೆ. ಹಳದಿ ಅಂಚು ಒಂದು ಪದರದ ಜೀವಕೋಶಗಳ ಗುಣ. ಹೊಸ ಚಿಗುರು ಹುಟ್ಟುವುದು ಒಳಗಿನ ಹಸಿರು ಪದರದಿಂದ. ಅಂಚು ಉಳಿಯಬೇಕಾದರೆ ಮಣ್ಣಿನೊಳಗಿನ ಗಡ್ಡೆಯಂಥ ಕಾಂಡವನ್ನೇ ಭಾಗ ಮಾಡಿ.

ಕಾಡುಬಸಳೆ, ಅಂದರೆ ಹತ್ತನೇ ತರಗತಿ ಪಾಠದ ಬ್ರಯೋಫಿಲಂ, ಎಲೆಯಂಚಿನ ಪ್ರತಿ ಕಚ್ಚಿನಲ್ಲೂ ಕಣ್ಣಿಟ್ಟುಕೊಂಡಿದೆ. ಅದಕ್ಕೆ ನಮ್ಮ ಸಹಾಯ ಬೇಕಿಲ್ಲ.

ಕಳ್ಳಿ ಜಾತಿಯವು ಕಾಂಡದ ತುಂಡಿನಿಂದ ಬರುತ್ತವೆ. ಕಳ್ಳಿಹಾಲು ಕಣ್ಣಿಗೆ ಸಿಡಿದರೆ ಅಪಾಯ. ಗ್ಲೌಸ್ ಹಾಕಿ ಕತ್ತರಿಸಿ, ಹಾಲು ಸೋರುವುದು ನಿಲ್ಲುವವರೆಗೆ ತುಂಡಿನ ತುದಿಯನ್ನು ನೀರಿನಲ್ಲಿ ತೊಳೆದು ಆಮೇಲೆ ಒಣಗಿಸಿ.

ಗಾಯ ಒಣಗುವುದೇ ಅರ್ಧ ಕೆಲಸ

ಇಡೀ ಪ್ರಕ್ರಿಯೆಯಲ್ಲಿ ತಾಳ್ಮೆ ಬೇಕಾದ ಹಂತ ಇದೊಂದೇ, ಹೆಚ್ಚಿನ ಜನ ಸೋಲುವುದೂ ಇಲ್ಲೇ. ಹಸಿ ಗಾಯವನ್ನು ಒದ್ದೆ ಮಣ್ಣಿಗೆ ತಾಗಿಸಿದರೆ ಮಣ್ಣಿನ ಶಿಲೀಂಧ್ರ ನೇರವಾಗಿ ನೀರು ತುಂಬಿದ ಅಂಗಾಂಶಕ್ಕೆ ನುಗ್ಗುತ್ತದೆ. ನಾಲ್ಕು ದಿನದಲ್ಲಿ ಬುಡ ಕಪ್ಪಾಗುತ್ತದೆ. ಒಣಗಲು ಬಿಟ್ಟರೆ ಗಿಡ ಗಾಯದ ಮೇಲೆ ಬೆಂಡಿನಂಥ ಪದರ ಹೊದೆಸಿಕೊಳ್ಳುತ್ತದೆ. ಮೊಣಕಾಲಿನ ಗಾಯ ಹಕ್ಕಳೆ ಕಟ್ಟುವ ಹಾಗೆ.

ಎಲೆಗೆ 2-3 ದಿನ ಸಾಕು. ಪೆನ್ಸಿಲ್ ದಪ್ಪದ ಕಾಂಡಕ್ಕೆ 5-7 ದಿನ, ಹೆಬ್ಬೆರಳಿಗಿಂತ ದಪ್ಪದ ಕಳ್ಳಿ, ಪಾಪಾಸುಕಳ್ಳಿ ತುಂಡುಗಳಿಗೆ 10-14 ದಿನ. ಮೋಡ ಕವಿದ ವಾರವಾದರೆ ಇನ್ನೂ ಕೆಲವು ದಿನ ಸೇರಿಸಿ. ದಿನ ಎಣಿಸುವುದಕ್ಕಿಂತ ಮುಟ್ಟಿ ನೋಡುವುದು ಮೇಲು: ಬೆರಳಿಗೆ ಅಂಟದೆ ಗಟ್ಟಿಯಾಗಿದ್ದರೆ ಸಿದ್ಧ. ಗಾಳಿಯಾಡುವ ನೆರಳಿನಲ್ಲಿ ಪೇಪರ್ ಮೇಲೆ ಹರಡಿಡಿ. ಅಡುಗೆಮನೆಯ ಹಬೆ ಬೇಡ, ಬಿಸಿಲೂ ಬೇಡ. ಬ್ಲೇಡನ್ನು ಪ್ರತಿ ಗಿಡಕ್ಕೂ ಸ್ಪಿರಿಟ್‌ನಲ್ಲಿ ಒರೆಸಿ. ಬೇರು ಬರಿಸಲೆಂದು ಮಾರುವ ರೂಟಿಂಗ್ ಪೌಡರ್‌ಗೆ ದುಡ್ಡು ಹಾಕುವ ಅಗತ್ಯವಿಲ್ಲ.

ಮಣ್ಣು ಮತ್ತು ನೀರು

ಬೆಂಗಳೂರಿನ ಕೆಂಪು ಮಣ್ಣು ಒಂದನ್ನೇ ಹಾಕಿದರೆ ಒದ್ದೆಯಾದಾಗ ಜಿಗುಟು, ಒಣಗಿದಾಗ ಹೆಂಟೆ. 3ರಿಂದ 6 ಮಿ.ಮೀ. ಇಟ್ಟಿಗೆ ಚೂರು 2 ಪಾಲು, ದಪ್ಪ ಮರಳು 1 ಪಾಲು, ಕೋಕೋಪೀಟ್ (ತೆಂಗಿನ ನಾರಿನ ಪುಡಿ) 1 ಪಾಲು ಸೇರಿಸಿ. ಎಂ-ಸ್ಯಾಂಡ್ ಬಳಸುವುದಾದರೆ ನೀರು ತಿಳಿಯಾಗುವವರೆಗೆ ತೊಳೆಯಿರಿ. ಅದರ ನುಣ್ಣನೆಯ ಪುಡಿ ಸಿಮೆಂಟಿನಂತೆ ಗಾಳಿಯ ಸಂದುಗಳನ್ನು ಮುಚ್ಚುತ್ತದೆ. ಇಟ್ಟಿಗೆಯಾಕಾರದಲ್ಲಿ ಒತ್ತಿ ಮಾರುವ ಕೋಕೋಪೀಟ್‌ನಲ್ಲಿ ಉಪ್ಪಿನಂಶ ಇರುವುದುಂಟು; ನೆನೆಸಿ, ಹಿಂಡಿ, ಎರಡು ಮೂರು ಸಲ ನೀರು ಬದಲಿಸಿ. ಮಿಶ್ರಣ ಸರಿಯಿದೆಯೇ ಎಂದು ತಿಳಿಯಲು ಒದ್ದೆ ಮಾಡಿ ಮುಷ್ಟಿಯಲ್ಲಿ ಒತ್ತಿ ಬಿಡಿ. ಉಂಡೆ ಕಟ್ಟಿದರೆ ಇಟ್ಟಿಗೆ ಚೂರು ಇನ್ನೂ ಬೇಕು.

ಎಲೆಗಳನ್ನು ಹೂಳಬೇಡಿ, ಮೇಲೆ ಮಲಗಿಸಿ. ಗುಲಾಬಿ ಬಣ್ಣದ ಬೇರು ಕಾಣುವವರೆಗೆ, ಅಂದರೆ ಸುಮಾರು 2-3 ವಾರ, ನೀರೇ ಬೇಡ. ಎಲೆಯೊಳಗೆ ನೀರಿದೆ, ಅದನ್ನೇ ಕುಡಿಯುತ್ತದೆ. ಬೇರು ಬಂದ ಮೇಲೆ ಅದರ ಮೇಲೆ ಚಿಟಿಕೆ ಮರಳು ಉದುರಿಸಿ. ಆಮೇಲೆ 3 ಇಂಚಿನ ಕುಂಡಕ್ಕೆ 5-6 ದಿನಕ್ಕೊಮ್ಮೆ 30-40 ಮಿ.ಲೀ. ನೀರನ್ನು ಅಂಚಿನಿಂದ ಬಿಡಿ. ದಿನವೂ ಸ್ಪ್ರೇ ಮಾಡುವ ರೂಢಿಯನ್ನು ನಾವು ಒಪ್ಪುವುದಿಲ್ಲ: ಎಲೆ ಒದ್ದೆಯಾಗುತ್ತದೆ, ಬೇರಿನ ಆಳಕ್ಕೆ ನೀರು ಇಳಿಯುವುದಿಲ್ಲ. ಬೋರ್‌ವೆಲ್ ನೀರು ಗಡಸಾಗಿದ್ದರೆ ಎಲೆ ಮೇಲೆ ಬಿಳಿ ಕಲೆ ಉಳಿಯುತ್ತದೆ. ಹಿಡಿದಿಟ್ಟ ಮಳೆನೀರು ಉತ್ತಮ. ತಾಯಿ ಎಲೆ ಕಾಗದದಂತೆ ಸುರುಟುವ ತನಕ ಕೀಳಬೇಡಿ.

ಕೆಟ್ಟಾಗ ಓದಿಕೊಳ್ಳುವುದು ಹೇಗೆ

ಎಲೆ ಹಳದಿಯಾಗಿ ಗಾಜಿನಂತೆ ಪಾರದರ್ಶಕವಾದರೆ ಅದು ಕೊಳೆತ. ತಕ್ಷಣ ತೆಗೆದುಬಿಡಿ, ಪಕ್ಕದ್ದಕ್ಕೆ ಹರಡುತ್ತದೆ. ಬೇರಿಲ್ಲದೆ ಒಣಗಿದರೆ ಬಿಸಿಲು ಹೆಚ್ಚು, ಇಲ್ಲವೇ ಬಾಯಾರಿದ ಗಿಡದಿಂದ ಬಿಡಿಸಿದ ಎಲೆ. ಮರಿ ಉದ್ದಕ್ಕೆ ಎಳೆದುಕೊಂಡು ಬಿಳಿಚಿದರೆ ಬೆಳಕು ಸಾಲದು. ಎಲೆ ಸಂದಿಯಲ್ಲಿ ಹತ್ತಿಯಂಥ ಬಿಳಿ ಚುಕ್ಕೆ ಹಿಟ್ಟುತಿಗಣೆ: ಸ್ಪಿರಿಟ್ ಅದ್ದಿದ ಇಯರ್ ಬಡ್‌ನಿಂದ ಒಂದೊಂದನ್ನೇ ಒರೆಸಿ. ಹೆಚ್ಚಿದ್ದರೆ ಲೀಟರಿಗೆ 5 ಮಿ.ಲೀ. ಬೇವಿನೆಣ್ಣೆ, ಕೆಲವು ಹನಿ ಸೋಪು ದ್ರಾವಣ ಬೆರೆಸಿ ಸಂಜೆ ಸಿಂಪಡಿಸಿ. ಬಿಸಿಲಲ್ಲಿ ಸಿಂಪಡಿಸಿದರೆ ಎಲೆ ಸುಡುತ್ತದೆ.

ನಮ್ಮ ಊರಿನ ಕಾಲ, ನಮ್ಮ ಬಾಲ್ಕನಿ

ಬೆಂಗಳೂರಿನಲ್ಲಿ ಜೋರು ಮಳೆ ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ. ಆಗ ಗಾಯ ಒಣಗುವುದಿಲ್ಲ. ನವೆಂಬರ್‌ನಿಂದ ಫೆಬ್ರವರಿ ಕೊನೆವರೆಗೆ ಕೈ ಹಾಕಿ. ಲಾಲ್‌ಬಾಗ್ ಸುತ್ತಿನ, ಸಿದ್ದಾಪುರದ ನರ್ಸರಿಗಳಿಂದಲೋ ಜನವರಿಯ ಫಲಪುಷ್ಪ ಪ್ರದರ್ಶನದಿಂದಲೋ ತಂದ ಗಿಡಕ್ಕೆ ಮೂರು ವಾರ ಮನೆಯ ಗಾಳಿ ಹೊಂದಲು ಬಿಡಿ, ಆಮೇಲೆ ಎಲೆ ಬಿಡಿಸಿ. ಆಗಸ್ಟ್‌ನ ಪ್ರದರ್ಶನದಲ್ಲಿ ಕೊಂಡದ್ದು ನವೆಂಬರ್‌ವರೆಗೆ ಕಾಯಲಿ.

ಬಿಸಿಲಿನ ದಿಕ್ಕನ್ನೂ ಗಮನಿಸಿ. ನಮ್ಮ ಅಕ್ಷಾಂಶ ಸುಮಾರು 13 ಡಿಗ್ರಿ ಉತ್ತರ. ಏಪ್ರಿಲ್ 24ರ ಹಾಗೂ ಆಗಸ್ಟ್ 18ರ ಸುಮಾರಿಗೆ ಇಲ್ಲಿ ಶೂನ್ಯ ನೆರಳಿನ ದಿನ, ಅಂದರೆ ಮಧ್ಯಾಹ್ನದ ಸೂರ್ಯ ನೇರ ನೆತ್ತಿಯ ಮೇಲಿರುವ ದಿನ. ಇವೆರಡರ ನಡುವೆ ಮಧ್ಯಾಹ್ನದ ಸೂರ್ಯ ಉತ್ತರಕ್ಕಿರುತ್ತಾನೆ. ಹಾಗಾಗಿ ದಕ್ಷಿಣದ ಬಾಲ್ಕನಿಗೆ ಡಿಸೆಂಬರ್‌ನಲ್ಲಿ ಒಳಗಿನವರೆಗೂ ಬಿಸಿಲು ಬಂದರೆ, ಜೂನ್‌ನಲ್ಲಿ ಬರೀ ಬೆಳಕು. ಎಳೆ ಮರಿಗಳನ್ನು ಚಳಿಗಾಲದಲ್ಲಿ ದಕ್ಷಿಣದ ಕಟಕಟೆಯಿಂದ ಒಂದು ಮೊಳ ಒಳಗಿಡಿ. ಪೂರ್ವದ ಬಾಲ್ಕನಿ ಇದ್ದವರಿಗೆ ಈ ತಾಪತ್ರಯ ಕಡಿಮೆ.

ಉದ್ದಕ್ಕೆ ಎಳೆದುಕೊಂಡ ಹಳೆಯ ಎಚಿವೇರಿಯಾ ಇದ್ದರೆ ಅದನ್ನು ಎಸೆಯಬೇಡಿ. ತಲೆಯ ಜೊತೆಗೆ 3-4 ಸೆಂ.ಮೀ. ಕಾಂಡ ಉಳಿಯುವಂತೆ ಅದನ್ನು ಕತ್ತರಿಸಿ, ಒಂದು ವಾರ ಒಣಗಿಸಿ ನೆಡಿ. ಕೆಳಗಿನ ಎಲೆಗಳಲ್ಲಿ ಕೆಲವನ್ನು ಬಿಡಿಸಿ ಟ್ರೇಗೆ ಹಾಕಿ. ಉಳಿದ ಮೋಟಿನಲ್ಲಿ ಮೂರು ನಾಲ್ಕು ಎಲೆ ಇರಲಿ, ಕುಂಡ ಮೊದಲಿನ ಜಾಗದಲ್ಲೇ ಇರಲಿ, ನೀರು ಮಾತ್ರ ಅರ್ಧಕ್ಕೆ ಇಳಿಸಿ. ತುದಿಯ ಕಣ್ಣು ಹೋದದ್ದರಿಂದ ಕಾಂಡದ ಮೇಲೆ ಮಲಗಿದ್ದ ಕಣ್ಣುಗಳು ಏಳುತ್ತವೆ. ನಾಲ್ಕರಿಂದ ಆರು ವಾರದೊಳಗೆ ಹಳೆಯ ಎಲೆಗಳ ಗುರುತಿನ ಪಕ್ಕದಲ್ಲಿ ಸಾಸಿವೆ ಗಾತ್ರದ ಹಸಿರು ಮೊಗ್ಗು ಕಾಣುತ್ತದೆ. ಅದು 2 ಸೆಂ.ಮೀ. ಅಗಲ ಆಗುವವರೆಗೆ ಮೋಟಿನಲ್ಲೇ ಬೆಳೆಯಲು ಬಿಡಿ.